ಎಲ್ ಬೋರ್ಡಿಲ್ಲದ ಟೀಚರಮ್ಮ

ಟಾಂಜಾನಿಯಾದಲ್ಲಿ ಕಾರು ಕಲಿಯಬೇಕೆಂದರೆ 18 ತುಂಬಿರಬೇಕು. ಕಲಿಯುವವರ ಲೈಸೆನ್ಸ್ ಮಾಡಿಸಬೇಕು, ಡ್ರೈವಿಂಗ್ ಶಾಲೆಗೆ ಹೋಗಿ ಸರ್ಟಿಫಿಕೇಟ್ ತರಬೇಕು, ಪೊಲೀಸರೆದುರು ಗಾಡಿ ಓಡಿಸಿ ತೋರಿಸಬೇಕು. ಇಷ್ಟೆಲ್ಲ ಆದಮೇಲೆ ಅಲ್ಲಿನ ಕಂದಾಯ ಪ್ರಾಧಿಕಾರ ಕಾರ್ಡನ್ನು ಕೈಗಿಡುತ್ತದೆ. ಅದೇ ದೇಶದಲ್ಲಿ 40 ಪುಟ್ಟ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಲು ಹೊರಗಿನಿಂದ ಬಂದವರಿಗೆ ಸಾಕಾಗುವುದು ವಿಮಾನದ ಟಿಕೆಟ್ಟು ಮತ್ತು ನಗುಮುಖ. ಸ್ವಯಂಸೇವಕರಿಗೂ ಅನ್ವಯಿಸುವ 'ಸಿ' ದರ್ಜೆಯ ವಾಸದ ಪರವಾನಗಿಯೊಂದಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ವಲಸೆ ಇಲಾಖೆಯವರ ವ್ಯವಹಾರ. ಮಗು ಅತ್ತರೆ ಏನು ಮಾಡುತ್ತೀರಿ ಎಂದು ಕೇಳುವುದು ಅವರ ಕೆಲಸವಲ್ಲ.

ಈ ವ್ಯವಸ್ಥೆಯ ಪರಿಚಯ ನನಗಾದದ್ದು ನಾದಿನಿಯ ಮಗಳ ಕೃಪೆಯಿಂದ. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ಐಬಿ ಓದುವ ಹುಡುಗಿ. ಆ ಪಠ್ಯಕ್ರಮದಲ್ಲಿ ಸೇವೆಯೂ ಕಡ್ಡಾಯ. ಹಾಗೆಂದು ಸೇವೆಗೆ ಸಮುದ್ರ ದಾಟಲೇಬೇಕು ಎಂಬ ನಿಯಮವೇನಿಲ್ಲ. ಅವರ ಮನೆಯ ಹಿಂದಿನ ರಸ್ತೆಯಲ್ಲೇ ಅಂಗನವಾಡಿಯಿದೆ. ಅಲ್ಲಿಯ ಟೀಚರು ಮಕ್ಕಳ ತೂಕ ನೋಡಿ, ಊಟ ಬಡಿಸಿ, ಮೂಗು ಒರೆಸಿ, ಇಲಾಖೆಯ ಮೊಬೈಲಿಗೆ ಲೆಕ್ಕ ತುಂಬಿ, ಉಳಿದ ಹೊತ್ತಿನಲ್ಲಿ ಪಾಠವನ್ನೂ ಹೇಳುತ್ತಾರೆ. ಯಾರಾದರೂ ಬಂದು ಒಂದು ಗಂಟೆ ಮಕ್ಕಳನ್ನು ಹಿಡಿದಿಟ್ಟುಕೊಂಡರೂ ಪುಣ್ಯ ಬರುತ್ತದೆ. ಈ ಮಾತನ್ನು ಆಡಿಯೇ ಬಿಟ್ಟೆ. ನಾದಿನಿ ನನ್ನತ್ತ ಕನಿಕರದಿಂದ ನೋಡಿದಳು. "ಭಾವ, ಎಲ್ಲರೂ ಅಂಗನವಾಡಿಗೇ ಹೋದರೆ ಪ್ರೊಫೈಲು ಎದ್ದು ಕಾಣೋದು ಹೇಗೆ?" ಅಂಗನವಾಡಿಗೆ ನುಗ್ಗುತ್ತಿರುವ ಆ ಎಲ್ಲರೂ ಯಾರು ಎಂದು ನಾನು ಕೇಳಲಿಲ್ಲ.

ಹೀಗೆ ಹುಡುಗಿ ಟಾಂಜಾನಿಯಾದ ಮೋಶಿ ತಲುಪಿದಳು. ಕಿಲಿಮಂಜಾರೋ ಬೆಟ್ಟದ ಬುಡದ ಊರು. ಕಾಫಿ, ಬಾಳೆ, ಎತ್ತ ತಿರುಗಿದರೂ ಮೋಡದ ಮೇಲೆ 5,895 ಮೀಟರಿನ ಶಿಖರ. ಸ್ವಯಂಸೇವೆ ಏರ್ಪಡಿಸುವ ಸಂಸ್ಥೆಯ ಪ್ಯಾಕೇಜಿನ ಪ್ರಕಾರ ಸೋಮವಾರದಿಂದ ಶುಕ್ರವಾರ ಮಕ್ಕಳು, ಶನಿವಾರ ಭಾನುವಾರ ಆನೆ ಜಿರಾಫೆಗಳು. ಒಂದೇ ಕ್ಯಾಮೆರಾ ಎರಡಕ್ಕೂ ಆಗುತ್ತದೆ. ತಿಂಗಳ ಸೇವೆಗೆ ಅವರಪ್ಪ ಕಟ್ಟಿದ ದುಡ್ಡಿನಲ್ಲಿ ಅಲ್ಲಿನ ಮೇಷ್ಟರೊಬ್ಬರಿಗೆ ಹಲವು ತಿಂಗಳ ಸಂಬಳ ಕೊಡಬಹುದಿತ್ತು. ಆದರೆ ಸಂಬಳ ಪಡೆದ ಮೇಷ್ಟ್ರು ನಮ್ಮ ಹುಡುಗಿಯ ಪರವಾಗಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದುಕೊಡುವುದಿಲ್ಲವಲ್ಲ.

ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯನ್ನು ಜನ ಇಂದಿಗೂ ಕರೆಯುವುದು 'ಮ್ವಾಲಿಮು' ಎಂದು, ಅಂದರೆ ಮೇಷ್ಟ್ರು. ಮಕೆರೆರೆಯಲ್ಲಿ ಶಿಕ್ಷಕ ತರಬೇತಿ, ಎಡಿನ್‌ಬರೋದಲ್ಲಿ ಎಂ.ಎ., ಶಾಲೆಯಲ್ಲಿ ಪಾಠ — ಇಷ್ಟು ಮಾಡಿ ಆತ ಆ ಹೆಸರು ಸಂಪಾದಿಸಿದ, ಮುಂದೆ ಷೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವಾಹಿಲಿಗೂ ತಂದ. ನಮ್ಮ ಹುಡುಗಿಗೆ ಆ ಹೆಸರು ಬಂದಿಳಿದ ಮರುದಿನ ಬೆಳಿಗ್ಗೆಯೇ ಸಿಕ್ಕಿತು. ಅವಳಿಗೆ ಗೊತ್ತಿದ್ದ ಸ್ವಾಹಿಲಿ ಒಂದು 'ಜಾಂಬೊ', ಇನ್ನೊಂದು 'ಹಕುನಾ ಮಟಾಟಾ'. ಎರಡನೆಯದನ್ನು ಕಲಿಸಿದ್ದು ಡಿಸ್ನಿಯ ಸಿಂಹ. ಮಕ್ಕಳಿಗೆ ಬರುತ್ತಿದ್ದದ್ದು ಸ್ವಾಹಿಲಿ ಮಾತ್ರ. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸ್ವಾಹಿಲಿಯೇ ಮಾಧ್ಯಮ. ಮುಂದಿನ ಹಂತಕ್ಕೆ ಹತ್ತಿದ ಕೂಡಲೇ ಎಲ್ಲವೂ ಇಂಗ್ಲಿಷ್. (ಆ ಮೆಟ್ಟಿಲಲ್ಲಿ ಎಷ್ಟು ಮಕ್ಕಳು ಮುಗ್ಗರಿಸುತ್ತಾರೆ ಎಂದು ಕನ್ನಡ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.) ಹಾಗಾಗಿ ಇಂಗ್ಲಿಷ್ ಬರುವವರು ಯಾರೇ ಬಂದರೂ ಬಾಗಿಲು ತೆರೆಯುತ್ತದೆ. ಬಾಳೆಯ ಸೀಮೆಯ ಮಕ್ಕಳು ಹೊಸ ಟೀಚರಿಂದ 'ಎ' ಅಂದರೆ ಸೇಬು ಎಂದು ಕಲಿತವು. ಆ ಊರಲ್ಲಿ ತಲೆಮಾರುಗಳಿಂದ ಗುಜರಾತಿಗಳ ಅಂಗಡಿಗಳಿವೆ. ಒಬ್ಬ ಹುಡುಗ ಅವಳ ಮುಖ ನೋಡಿ, ನಿಮ್ಮ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಕೇಳಿದನಂತೆ. ಜಗತ್ತನ್ನು ಉದ್ಧರಿಸಲು ಬಂದವಳಿಗೆ ಇದರಿಂದ ಸ್ವಲ್ಪ ಬೇಸರವಾಯಿತು.

ನಿಜವಾದ ನೈಪುಣ್ಯ ಇದ್ದದ್ದು ಮಕ್ಕಳಲ್ಲಿ. ತಲೆ, ಭುಜ, ಮಂಡಿ, ಕಾಲ್ಬೆರಳು ಮುಟ್ಟಿಕೊಳ್ಳುತ್ತ ಕುಣಿಯುವ ಇಂಗ್ಲಿಷ್ ಹಾಡೊಂದಿದೆ. ಬರುವ ಪ್ರತಿ ಸ್ವಯಂಸೇವಕರೂ ಮೊದಲ ದಿನ ಹೇಳಿಕೊಡುವುದು ಅದನ್ನೇ. ಕಳೆದ ತಿಂಗಳು ಡೆನ್ಮಾರ್ಕಿನವಳು ಹೇಳಿಕೊಟ್ಟಿದ್ದಳು, ಅದರ ಹಿಂದಿನ ತಿಂಗಳು ಕೆನಡಾದವನು. ಮಕ್ಕಳು ಪ್ರತಿ ಸಲವೂ ಹೊಸದಾಗಿ ಕಲಿಯುತ್ತವೆ. ಮೊದಲ ದಿನ ಬೇಕೆಂದೇ ಮಂಡಿಯ ಬದಲು ಭುಜ ಮುಟ್ಟಿಕೊಳ್ಳುತ್ತವೆ. ಮೂರನೆಯ ದಿನದ ಹೊತ್ತಿಗೆ ಸರಿಯಾಗಿ ಮುಟ್ಟಿಕೊಳ್ಳುತ್ತವೆ. ಟೀಚರಿಗೆ ತನ್ನ ಪಾಠ ಫಲ ಕೊಟ್ಟಿತೆಂಬ ಧನ್ಯತೆ. ಯಾರ ಮಡಿಲಿಗೆ ಯಾವಾಗ ಏರಬೇಕು, ಮೊಬೈಲು ಮೇಲೆದ್ದಾಗ ಯಾವ ಕಡೆ ನಗಬೇಕು, ಬೀಳ್ಕೊಡುಗೆಯ ದಿನ ಎಷ್ಟು ಹೊತ್ತು ಅಳಬೇಕು ಎಂಬುದೆಲ್ಲ ಅವಕ್ಕೆ ಬಾಯಿಪಾಠ. ನಾಲ್ಕು ವರ್ಷದ ಮಗುವಿಗೆ ಬರಬಾರದ ವಿದ್ಯೆಯೊಂದಿದ್ದರೆ ಅದು ಇದೇ. ಇದನ್ನು ಮಾತ್ರ ನಾವು ಬಹಳ ಶ್ರದ್ಧೆಯಿಂದ ಕಲಿಸಿದ್ದೇವೆ.

ಇನ್ನು ಡ್ರೈವಿಂಗ್. ಎರಡನೇ ವಾರ ಹುಡುಗಿ ವಿಡಿಯೊ ಕರೆ ಮಾಡಿದಳು: "ದೊಡ್ಡಪ್ಪ, ಇಲ್ಲಿ ಗೇರ್ ಗಾಡಿ ಕಲೀತಿದ್ದೀನಿ!" ಸಂಸ್ಥೆಯ ವ್ಯಾನು ಜಪಾನಿನಲ್ಲಿ ಒಂದು ಜನ್ಮ ಮುಗಿಸಿ ಬಂದ ಹಯೇಸ್. ನಮ್ಮ ಹಾಗೆ ಅಲ್ಲಿಯೂ ಎಡಗಡೆಯ ಸಂಚಾರ, ಬ್ರಿಟಿಷರು ಬಿಟ್ಟುಹೋದದ್ದು. ಆದರೆ ವ್ಯಾನಿನ ಚಾಲಕ ನಮ್ಮ ಕಡೆಯ ಮಾವಂದಿರಂತೆ ಉದಾರಿಯಲ್ಲ. ಕಲಿಯುವ ಲೈಸೆನ್ಸ್ ಇಲ್ಲದೆ ರಸ್ತೆಗಿಳಿಸುವುದಿಲ್ಲ ಎಂದ. ರಸ್ತೆಯಲ್ಲಿ ಬಿಳಿ ಸಮವಸ್ತ್ರದ ಟ್ರಾಫಿಕ್ ಪೊಲೀಸರಿದ್ದಾರೆ, ಶಾಲೆಯ ಮಕ್ಕಳು ಓಡಾಡುತ್ತಾರೆ ಎಂದ. ಹುಡುಗಿ ಹಟ ಬಿಡದಿದ್ದಾಗ ಖಾಲಿ ಮೈದಾನಕ್ಕೆ ಕರೆದೊಯ್ದ. ಮೊದಲ ದಿನ ಕೀಲಿಯನ್ನೇ ಕೊಡಲಿಲ್ಲ. ಟೈರು, ಕನ್ನಡಿ, ಬ್ರೇಕ್ ಆಯಿಲ್ ನೋಡುವುದನ್ನು ಹೇಳಿಕೊಟ್ಟ. ಎರಡನೆಯ ದಿನ ಕ್ಲಚ್ ಒತ್ತಿಸಿ ಬಿಡಿಸಿದ, ಗಾಡಿ ಆಫ್ ಆದಾಗಲೆಲ್ಲ ಮೊದಲಿನಿಂದ ಶುರು ಮಾಡಿಸಿದ. ಕೈ ಮಾತ್ರ ಯಾವಾಗಲೂ ಹ್ಯಾಂಡ್‌ಬ್ರೇಕಿನ ಮೇಲೆ. ಹುಡುಗಿಗೆ ಅವಮಾನ. "ಶಾಲೇಲಿ ಮೊದಲ ದಿನಾನೇ ಇಡೀ ಕ್ಲಾಸು ನನ್ನ ಕೈಗೆ ಕೊಟ್ಟರು, ಇವನು ನೋಡಿದರೆ ಸೆಕೆಂಡ್ ಗೇರ್‌ಗೂ ಬಿಡಲ್ಲ!"

ಆದರೆ ಶಾಲೆಯಲ್ಲೂ ಒಂದು ಹ್ಯಾಂಡ್‌ಬ್ರೇಕ್ ಇತ್ತು, ಹುಡುಗಿ ಗಮನಿಸಿರಲಿಲ್ಲ. ಅವಳು ಕಳಿಸಿದ ತರಗತಿಯ ವಿಡಿಯೊದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕ ತಿದ್ದುತ್ತಿದ್ದ ಹೆಂಗಸು ಆ ತರಗತಿಯ ನಿಜವಾದ ಟೀಚರು. ತರಬೇತಿ ಕಾಲೇಜಿಗೆ ಹೋಗಿ ಕಲಿತವರು. ಮುಂದೆ ನಮ್ಮ ಹುಡುಗಿ ಕಿರುಚಿ ಕಿರುಚಿ ಗಂಟಲು ಒಡೆದುಕೊಂಡು, ಮಕ್ಕಳೆಲ್ಲ ಡೆಸ್ಕಿನ ಮೇಲೆ ಹತ್ತಿದಾಗ, ಆಕೆ ತಲೆ ಎತ್ತದೆ ಒಂದೇ ಒಂದು ಮಾತು ಹೇಳಿದರು. ತರಗತಿ ಕುಳಿತಿತು. ಹುಡುಗಿ ಅಂದು ಇನ್‌ಸ್ಟಾಗ್ರಾಮಿನಲ್ಲಿ ಬರೆದದ್ದು: 'ಕೊನೆಗೂ ಮಕ್ಕಳು ನನ್ನ ಮಾತು ಕೇಳತೊಡಗಿದ್ದಾರೆ.'

ಚಾಲಕನನ್ನು ನಾನು ತಪ್ಪೆನ್ನಲಾರೆ. ರಸ್ತೆ ಅಪಘಾತಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ, 5ರಿಂದ 29 ವಯಸ್ಸಿನವರನ್ನು ಅತಿ ಹೆಚ್ಚು ಕೊಲ್ಲುವುದು ಅವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1961ರಲ್ಲಿ ಕೆನಡಿ ಶುರುಮಾಡಿದ ಅಮೆರಿಕದ ಪೀಸ್ ಕೋರ್ ತನ್ನ ಸ್ವಯಂಸೇವಕರಿಗೆ ಸಾಮಾನ್ಯವಾಗಿ ಗಾಡಿ ಓಡಿಸಲು ಬಿಡುವುದಿಲ್ಲ. ನಿಷೇಧವಿದ್ದ ಕಡೆ ಬೈಕ್ ಹತ್ತಿದರೆ ಮನೆಗೆ ಕಳಿಸುತ್ತದೆ. ಅರವತ್ತರ ದಶಕದಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ದವರು ಅವರು. ಅವರಿಗಾದರೂ ಮೊದಲು ತಿಂಗಳುಗಟ್ಟಲೆ ಭಾಷೆ ಕಲಿಸಿ, ಎರಡು ವರ್ಷ ಅಲ್ಲೇ ಇರಿಸುತ್ತಾರೆ. ಅಷ್ಟು ಮಾಡಿಯೂ ಸ್ಟಿಯರಿಂಗ್ ಕೊಡಲು ಹೆದರಿಕೆ, ತರಗತಿ ಕೊಡಲು ಧೈರ್ಯ! ಕಾರಣ ಸರಳ. ಕಾರು ಗುದ್ದಿದರೆ ಶಬ್ದವಾಗುತ್ತದೆ, ವಿಮೆಯವನು ಬರುತ್ತಾನೆ.

ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ 1968ರಲ್ಲಿ ಮೆಕ್ಸಿಕೊದಲ್ಲಿ ಇಂಥ ಅಮೆರಿಕನ್ ವಿದ್ಯಾರ್ಥಿಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಊರು ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಉಪಕಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಮಾತಾಡಿ ಬಿಸಿ ಮುಟ್ಟಿಸಿದ್ದ. ಮೋಶಿಗೆ ಬರುವವರು ಅರ್ಧ ಉಪದೇಶ ಪಾಲಿಸುತ್ತಾರೆ: ಬೆಟ್ಟವನ್ನೂ ಹತ್ತುತ್ತಾರೆ. ಕಾಂಬೋಡಿಯಾದ ಕತೆ ಇನ್ನೂ ಮುಂದಿನದು. ಅಲ್ಲಿ 2005ರಿಂದ 2010ರೊಳಗೆ ಅನಾಥಾಲಯಗಳ ಸಂಖ್ಯೆ ಮುಕ್ಕಾಲು ಪಾಲು ಹೆಚ್ಚಿತು. ಒಳಗಿದ್ದ ನಾಲ್ಕು ಮಕ್ಕಳಲ್ಲಿ ಮೂವರಿಗೆ ಅಪ್ಪನೋ ಅಮ್ಮನೋ ಇದ್ದರು. ಮುದ್ದಾಡಲು ವಿದೇಶಿಯರು ಸಾಲುಗಟ್ಟಿದಾಗ ಅನಾಥರನ್ನು ಎಲ್ಲಿಂದಾದರೂ ಹೊಂದಿಸಲೇಬೇಕಲ್ಲ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಅನಾಥಾಲಯದ ಸ್ವಯಂಸೇವೆಯ ಅಪಾಯದ ಬಗ್ಗೆ ನಿರ್ಣಯದಲ್ಲಿ ಎಚ್ಚರಿಸಿತು. ನಿರ್ಣಯವನ್ನು ನಾದಿನಿಗೆ ವಾಟ್ಸಾಪ್ ಮಾಡಿದೆ. ಕೈ ಮುಗಿಯುವ ಚಿತ್ರವೊಂದು ಮರಳಿ ಬಂತು.

ತಿಂಗಳು ಮುಗಿಯಿತು. ಶಾಲೆಯವರು 'ಅಪ್ರತಿಮ ಶಿಕ್ಷಕಿ' ಎಂದು ಅಚ್ಚುಹಾಕಿದ ಪ್ರಮಾಣಪತ್ರ ಕೊಟ್ಟರು. ಹೆಸರಿನ ಜಾಗ ಮಾತ್ರ ಪೆನ್ನಿನಲ್ಲಿ ತುಂಬಿತ್ತು. ಚಾಲಕ ಏನೂ ಕೊಡಲಿಲ್ಲ, ರಿವರ್ಸ್ ಇನ್ನೂ ಬಂದಿಲ್ಲ ಎಂದ. ಪ್ರಬಂಧ ಹೋಗಿದೆ, ಸೀಟು ಗ್ಯಾರಂಟಿಯಂತೆ.

ಈಗ ಎರಡನೆಯವನ ತಯಾರಿ ನಡೆದಿದೆ. ಹತ್ತನೇ ಕ್ಲಾಸು, ಮುಂದೆ ಡಾಕ್ಟರಾಗುವ ಆಸೆ. ಅವನೂ ಅಲ್ಲಿಗೇ ಹೊರಟಿದ್ದಾನೆ, ಆದರೆ ಶಾಲೆಗಲ್ಲ, ಆಸ್ಪತ್ರೆಗೆ. ಗಾಡಿ ಕಲಿಸುತ್ತಾರಾ ಎಂದು ಕೇಳಿದೆ. "ಎಲ್ಲಿ ಭಾವ, 18 ಆಗೋವರೆಗೂ ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲವಂತೆ," ಎಂದಳು ನಾದಿನಿ. "ಹೆರಿಗೆ ವಾರ್ಡಿಗೆ ಹಾಕ್ತಾರಂತೆ."