ಗುರ್ ಅನ್ನತ್ತೋ, ಕಿರ್ ಅನ್ನತ್ತೋ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಅದರಲ್ಲೂ ಜಾಲಹಳ್ಳಿ, ಮತ್ತೀಕೆರೆ, ರಾಜಾಜಿನಗರದ ಕಡೆ, ಬೀದಿಗೊಬ್ಬರಾದರೂ ಫೋರ್‌ಮನ್ ರಾಯರು ಇದ್ದೇ ಇರುತ್ತಾರೆ. ರಾಯರೇ ಆಗಿರಬೇಕೆಂದಿಲ್ಲ, ಗೌಡರೂ ಇರಬಹುದು, ಡಿಸೋಜರೂ ಇರಬಹುದು. ಎಚ್‌ಎಂಟಿಯಲ್ಲೋ ಐಟಿಐಯಲ್ಲೋ ಎನ್‌ಜಿಇಎಫ್‌ನಲ್ಲೋ ದುಡಿದು ನಿವೃತ್ತರಾದವರು. 1953ರಲ್ಲಿ ಹುಟ್ಟಿದ ಎಚ್‌ಎಂಟಿ ಲೇತು ಮಾಡಿತು, 1961ರಲ್ಲಿ ಕೈಗಡಿಯಾರಕ್ಕೂ ಕೈಹಾಕಿತು. ಯಾವ ವಾರ್ಷಿಕ ವರದಿಯಲ್ಲೂ ನಮೂದಾಗದ ಇನ್ನೊಂದು ಉತ್ಪನ್ನವೂ ಆ ಗೇಟಿನಿಂದ ಹೊರಬಂತು: ಎಲ್ಲೋ ಏನೋ ಕಟಕಟ ಅಂದರೆ ಸಾಕು, ಊಟದ ನಡುವೆಯೇ ಎದ್ದು ನಿಲ್ಲುವ ಮನುಷ್ಯ. ಗಡಿಯಾರದ ಕಾರ್ಖಾನೆಗೆ ಬೀಗ ಬಿತ್ತು. ಕಿವಿಗೆ ಮಾತ್ರ ವಿಆರ್‌ಎಸ್ ಸಿಗಲಿಲ್ಲ.

ರಾಯರ ಪಾಲಿಗೆ ಈಗ ಉಳಿದಿರುವ ಶಾಪ್‌ಫ್ಲೋರ್ ಎಂದರೆ ನೆರೆಹೊರೆಯವರ ಅಡುಗೆಮನೆ ಹಿಂದಿನ ಯುಟಿಲಿಟಿ. ಅಲ್ಲಿ ಹಳೇ ಬಕೀಟು, ಕಸಪೊರಕೆಗಳ ನಡುವೆ ಬೆಲ್ಟಿನ ವಾಷಿಂಗ್ ಮಷೀನು ನಿಂತಿರುತ್ತದೆ. ಕೆಳಗೆ ಮೋಟಾರು, ಅದಕ್ಕೊಂದು ಚಿಕ್ಕ ಪುಲ್ಲಿ. ಡ್ರಮ್ಮಿನ ಬೆನ್ನಿಗೆ ದೊಡ್ಡ ಪುಲ್ಲಿ. ಎರಡನ್ನೂ ಸುತ್ತಿಕೊಂಡ ರಬ್ಬರ್ ಬೆಲ್ಟು. ಇಷ್ಟೇ ಸಂಸಾರ. ಸಂಸಾರ ಹಳೆಯದಾದಷ್ಟೂ ರಾಯರಿಗೆ ಕೆಲಸ.

"ಅಂಕಲ್, ನಮ್ಮ ಮಷೀನ್ ಯಾಕೋ ಸೌಂಡ್ ಮಾಡ್ತಿದೆ" ಎಂದು ಯಾರಾದರೂ ಹೇಳಿದರೆ ರಾಯರಿಗೆ ರೇಗುತ್ತದೆ. ಸೌಂಡ್ ಅನ್ನುವುದು ಅವರ ಲೆಕ್ಕದಲ್ಲಿ ದೂರೇ ಅಲ್ಲ.

"ಸೌಂಡು ಎಲ್ಲಾ ಮಾಡತ್ತೆ ಕಣಮ್ಮಾ. ಗುರ್ ಅನ್ನತ್ತೋ, ಕಿರ್ ಅನ್ನತ್ತೋ, ಟಕಟಕ ಅನ್ನತ್ತೋ? ಮಾಡಿ ತೋರ್ಸು."

ಮಾಡಿ ತೋರಿಸದೆ ಬಿಡುಗಡೆಯಿಲ್ಲ. ಬ್ಯಾಂಕಿನಲ್ಲಿ ಸೀನಿಯರ್ ಮ್ಯಾನೇಜರ್ ಆಗಿರುವ ಗಂಭೀರ ಹೆಣ್ಣುಮಗಳೊಬ್ಬಳು ಕಾಟನ್ ಸೀರೆಯ ನೆರಿಗೆ ಸರಿಮಾಡಿಕೊಂಡು, ಲಿಫ್ಟಿನ ಮುಂದೆ ನಿಂತು, ಗಂಟಲಿಂದ "ಗೊರ್ರ್ರ್" ಎಂದು ಹೊರಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇನ್ನೂ ಸ್ವಲ್ಪ ಎಳಿ. ಸ್ಪೀಡ್ ಏರಿದ ಹಾಗೆ ದನೀನೂ ಏರತ್ತಾ?" ಆಕೆ ಏರಿಸಿದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಒಳಗಿದ್ದವರು ಹೊರಬರುವ ಧೈರ್ಯ ಮಾಡಲಿಲ್ಲ.

"ಬೇರಿಂಗ್" ಎಂದರು ರಾಯರು, ಕಣ್ಣು ತೆರೆದು.

ಅವರ ತೀರ್ಪುಗಳು ಹಗುರವಾದವಲ್ಲ. ನೀರು ಹೊರಹೋಗುವಾಗ ಟಕಟಕ ಅಂದರೆ ಪಂಪಿನ ಫಿಲ್ಟರಿನಲ್ಲಿ ನಾಣ್ಯ. ಡ್ರಮ್ಮು ತಿರುಗುವಾಗ ಕೆರೆದ ಸದ್ದು ಬಂದರೆ ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವೆ ಹೇರ್‌ಪಿನ್ನೋ ಇನ್ನೇನೋ ಸೇರಿದೆ. ಈ 'ಇನ್ನೇನೋ' ಒಮ್ಮೆ ಹೆಂಗಸರ ಒಳಉಡುಪಿನ ತಂತಿಯಾಗಿತ್ತು. ರಾಯರು ಅದನ್ನು ಇಕ್ಕಳದಲ್ಲಿ ಹಿಡಿದು, ಮುಖವನ್ನು ಕಿಟಕಿಯತ್ತ ತಿರುಗಿಸಿ, "ಸ್ಪ್ರಿಂಗ್ ಸ್ಟೀಲ್" ಎಂದಷ್ಟೇ ಹೇಳಿ ಮನೆಯಾಕೆಯ ಕೈಗಿಟ್ಟರು.

ಧಡ್, ಧಡ್ ಎಂಬ ಸದ್ದಿಗೆ ಗಡಿಯಾರ ಬೇಕು. ಕೈಗೆ ಕಟ್ಟಿದ ಎಚ್‌ಎಂಟಿ ನೋಡುತ್ತಾ ಎಣಿಸುತ್ತಾರೆ. ಡ್ರಮ್ಮಿನ ಪ್ರತಿ ಸುತ್ತಿಗೂ ಒಂದು ಧಡ್ ಬಂದರೆ ತಪ್ಪು ಡ್ರಮ್ಮಿನದು. ಅದಕ್ಕಿಂತ ಕೊಂಚ ತಡವಾಗಿ ಬರುತ್ತಿದ್ದರೆ ಬೆಲ್ಟಿನದು. ಬೆಲ್ಟಿನ ಉದ್ದ ದೊಡ್ಡ ಪುಲ್ಲಿಯ ಸುತ್ತಳತೆಗಿಂತ ಹೆಚ್ಚು, ಹಾಗಾಗಿ ಅದು ಒಂದು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಡ್ರಮ್ಮು ಮುಂದಿನ ಸುತ್ತಿಗೆ ಕಾಲಿಟ್ಟಿರುತ್ತದೆ. ಬೆಲ್ಟಿನಲ್ಲಿ ಎಲ್ಲೋ ಒಂದು ಕಡೆ ಬಿರುಕಿದೆ, ಆ ಬಿರುಕು ಪುಲ್ಲಿಯ ಮೇಲೆ ಹಾದಾಗಲೆಲ್ಲ ಧಡ್. ಇಷ್ಟು ವಿವರಿಸುವ ಹೊತ್ತಿಗೆ ಮಷೀನಿನ ಒಡೆಯ ಆಫೀಸಿಗೆ ಹೋಗಿರುತ್ತಾನೆ. ರಾಯರು ಕೆಲಸದಾಕೆಗೆ ವಿವರಿಸಿ ಮುಗಿಸುತ್ತಾರೆ.

ಅನುಮಾನ ಉಳಿದರೆ ಪ್ಲಗ್ ಕೀಳಿಸಿ, ಹಿಂದಿನ ತಗಡು ಬಿಚ್ಚಿ, ಬೆಲ್ಟನ್ನು ಪುಲ್ಲಿಯಿಂದ ಜಾರಿಸಿ ತೆಗೆಯುತ್ತಾರೆ. "ಇಬ್ಬರನ್ನೂ ಬಿಡಿಸಿ ಒಬ್ಬೊಬ್ಬರನ್ನೇ ವಿಚಾರಿಸಬೇಕು." ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದಾಗಲೂ ಗೊರಗೊರ ಎಂದರೆ ಮೋಟಾರು ನಿರಪರಾಧಿ. ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಲೊಟಕ್ ಎಂದರೆ ಬೇರಿಂಗಿನ ಕಥೆ ಮುಗಿಯಿತು. ಟಬ್ಬಿನ ಬೆನ್ನ ಮೇಲೆ ತುಕ್ಕಿನ ಕೆಂಪು ಗೆರೆ ಇಳಿದಿದ್ದರಂತೂ ಸಾಕ್ಷಿಯೇ ಬೇಡ: ವಾಟರ್ ಸೀಲ್ ಸವೆದು, ಸೋಪಿನ ನೀರು ಒಳಗೆ ಹೋಗಿ, ಗ್ರೀಸು ತೊಳೆದುಹೋಗಿದೆ. ಸರ್ವೀಸ್ ಹುಡುಗ ಯಾವ ಸದ್ದಿಗಾದರೂ ಹೇಳುವ "ಪಿಸಿಬಿ ಹೋಗಿದೆ ಸಾರ್" ಎಂಬ ಮಾತನ್ನು ರಾಯರು ವೈಯಕ್ತಿಕ ಅವಮಾನವೆಂದೇ ಪರಿಗಣಿಸುತ್ತಾರೆ.

ಬೇರಿಂಗ್ ತರಲು ಎಸ್‌ಪಿ ರೋಡಿಗೆ ಹೋಗುವವನಿಗೆ ಚೀಟಿ ಬರೆದುಕೊಡುತ್ತಾರೆ. ಅದರಲ್ಲಿ 6205 ಎಂಬ ಸಂಖ್ಯೆಯ ಜೊತೆ ಅದರ ಅರ್ಥವೂ ಇರುತ್ತದೆ: ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ, 25 ಮಿಲಿಮೀಟರ್, 6206 ಆದರೆ 30. ಪಕ್ಕದ ಮನೆಯ ಹುಡುಗ ಈ ಸೂತ್ರವನ್ನು ಎಷ್ಟು ಸಲ ಕೇಳಿದ್ದಾನೆಂದರೆ, ಬಸ್ ನಂಬರ್ ಕಂಡರೂ ಅದನ್ನೇ ಗುಣಿಸುತ್ತಾನಂತೆ.

ಇಷ್ಟೆಲ್ಲ ಹೇಳಿ ಮುಖ್ಯ ಸಂಗತಿ ಮುಚ್ಚಿಟ್ಟರೆ ತಪ್ಪಾಗುತ್ತದೆ. ರಾಯರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ಕಾರ್ಖಾನೆಯ ಗದ್ದಲ ಮೊದಲು ತಿನ್ನುವುದು ಕಿವಿಯ ಮೇಲಿನ ಸ್ಥಾಯಿಯನ್ನು. ಗುರ್ ಅನ್ನುವುದು ಕೇಳಿಸುತ್ತದೆ, ಕೀಂ ಅನ್ನುವುದು ಕೇಳಿಸುವುದಿಲ್ಲ. ಕರೆಗಂಟೆ ಕೇಳಿಸುವುದಿಲ್ಲ, ಮೊಮ್ಮಗಳ ಮಾತು ಅರ್ಧಂಬರ್ಧ. ಮಗ ಅಮೆರಿಕದಿಂದ ದುಬಾರಿ ಹಿಯರಿಂಗ್ ಏಡ್ ತಂದುಕೊಟ್ಟಿದ್ದಾನೆ. ಅದು ಬಹಳ ಜಾಣ ಯಂತ್ರ. ಮಾತನ್ನು ಉಳಿಸಿಕೊಂಡು, ಹಿಂದೆ ಒಂದೇ ಸಮ ಬರುವ ಯಂತ್ರದ ಸದ್ದನ್ನು ಅಡಗಿಸಿಬಿಡುತ್ತದೆ. ರಾಯರಿಗೆ ಬೇಕಾದುದನ್ನೇ ಅಡಗಿಸಿ ಬೇಡವಾದುದನ್ನು ಕೇಳಿಸುವ ಸಾಧನ! ಅದಕ್ಕೇ ಮಷೀನಿನ ಮುಂದೆ ಕೂತ ತಕ್ಷಣ ಅದನ್ನು ಕಿತ್ತು ಜೇಬಿಗೆ ಹಾಕಿ, ಒಂದಡಿ ಉದ್ದದ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. ಅದರ ತುದಿ ಬೇರಿಂಗಿನ ಗೂಡಿನ ಮೇಲೆ, ಹಿಡಿ ಕಿವಿಯ ಪಕ್ಕದ ಮೂಳೆಗೆ. ಆಮೇಲೆ ಯಾರು ಏನು ಹೇಳಿದರೂ ತಲುಪುವುದಿಲ್ಲ, ಮುಖದಲ್ಲಿ ಮಾತ್ರ ಅಪಾರ ಶಾಂತಿ. ರಾಮನವಮಿಗೆ ಕೋಟೆ ಹೈಸ್ಕೂಲಿನ ಕಚೇರಿಗೂ ಹೋಗುತ್ತಾರೆ. ಆಲಾಪನೆ ಏರುವ ಹೊತ್ತಿಗೆ ಪಕ್ಕದವರ ಮೊಣಕೈ ತಟ್ಟಿ, "ಆ ಮೂಲೆ ಫ್ಯಾನಿನ ಬುಷ್ ಸವೆದಿದೆ" ಅನ್ನುತ್ತಾರೆ.

ತೊಂದರೆ ಏನೆಂದರೆ, ಸಡಿಲಾದ ಬೆಲ್ಟು ಪುಲ್ಲಿಯ ಮೇಲೆ ಜಾರುವಾಗ ಬರುವುದು ಸಣ್ಣ ಕೀರಲು ದನಿ. ಬೆಲ್ಟಿನ ಮಷೀನಿನ ಸಾಮಾನ್ಯ ಕಾಯಿಲೆಯೇ ಅದು, ಮಷೀನಿನ ಸದ್ದುಗಳಲ್ಲಿ ರಾಯರಿಗೆ ಕೇಳಿಸದ ದನಿಯೂ ಅದೊಂದೇ. ಸುಟ್ಟ ರಬ್ಬರಿನ ವಾಸನೆ ಬಂದರೆ ಮೂಗು ಕಾಪಾಡುತ್ತದೆ. ಬರದಿದ್ದರೆ ಹೆಂಡತಿಯೇ ಗತಿ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಲ್ಲುತ್ತಾರೆ.

"ಕೀಂ ಅಂತಿದೆ ರೀ. ಬೆಲ್ಟು."

"ಶುರುವಿನಲ್ಲಿ ಮಾತ್ರವೋ, ಉದ್ದಕ್ಕೂ ಉಂಟೋ?"

"ಶುರುವಿನಲ್ಲಿ. ಒದ್ದೆ ಬಟ್ಟೆ ಭಾರಕ್ಕೆ ಜಾರ್ತಿದೆ. ಮೋಟಾರ್ ಬೋಲ್ಟ್ ಸಡಿಲ ಮಾಡಿ ಹಿಂದಕ್ಕೆ ಎಳೀರಿ, ಬೆಲ್ಟು ಬಿಗಿಯಾಗತ್ತೆ. ಸಾರು ಉಕ್ಕತ್ತೆ, ನಾನು ಹೊರಟೆ."

ರಾಯರು ಒಂದು ಕ್ಷಣ ಬಿಟ್ಟು, ಮನೆಯವರತ್ತ ತಿರುಗಿ, ಗಂಭೀರವಾಗಿ "ಬೆಲ್ಟು" ಅನ್ನುತ್ತಾರೆ.

ಈಚೆಗೆ ಮಗ ರಾಯರ ಸ್ವಂತ ಮನೆಗೇ ಹೊಸ ಮಷೀನು ಕಳಿಸಿದ. ಡೈರೆಕ್ಟ್ ಡ್ರೈವ್, ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಮೋಟಾರನ್ನೇ ಡ್ರಮ್ಮಿನ ಬೆನ್ನಿಗೆ ಕೂರಿಸಿದ್ದಾರೆ. "ಸೌಂಡೇ ಬರಲ್ಲ ಸಾರ್" ಎಂದು ತಂದ ಹುಡುಗ ಹೆಮ್ಮೆಯಿಂದ ಹೇಳಿದಾಗ ರಾಯರ ಮುಖ ಬಾಡಿತು. ಮಷೀನನ್ನು ಒಂದು ಸುತ್ತು ಹಾಕಿದರು. ಹಿಂಬದಿಯಲ್ಲಿ ಸ್ವಲ್ಪ ಹೊತ್ತು ಬಗ್ಗಿ ನಿಂತರು. ಸಾಗಣೆಯಲ್ಲಿ ಡ್ರಮ್ಮು ಅಲ್ಲಾಡದಿರಲೆಂದು ಬಿಗಿದ ನಾಲ್ಕು ಟ್ರಾನ್ಸಿಟ್ ಬೋಲ್ಟುಗಳಿರುತ್ತವೆ, ಚಾಲೂ ಮಾಡುವ ಮುಂಚೆ ಅವನ್ನು ಬಿಚ್ಚಲೇಬೇಕು. ಹುಡುಗ ಬಿಚ್ಚಿರಲಿಲ್ಲ. ರಾಯರು ನೋಡಿದರು. ನೋಡಿ, ಏನೂ ಹೇಳದೆ ಬಂದು ಕುರ್ಚಿ ಎಳೆದುಕೊಂಡು ಕೂತರು.

ಹುಡುಗ ಸ್ಪಿನ್ ಒತ್ತಿದ. ಮಷೀನು ಗಡಗಡ ನಡುಗಿ, ಧಡಧಡ ಕುಣಿದು, ಗೋಡೆಯ ಕಡೆಗೆ ಹೊರಟಿತು. ಹುಡುಗ ಗಾಬರಿಯಿಂದ ಸ್ವಿಚ್ಚಿನತ್ತ ಕೈಚಾಚಿದ. ರಾಯರು ಹಿಯರಿಂಗ್ ಏಡ್ ಕಿತ್ತು ಆಗಲೇ ಜೇಬಿಗೆ ಹಾಕಿಕೊಂಡಿದ್ದರು.

"ಇರಪ್ಪಾ, ಆಫ್ ಮಾಡಬೇಡ" ಎಂದರು. "ಒಂದ್ನಿಮಿಷ ಕೇಳೋಣ."