ಇರಲಿ ಅಂತ ಒಂದು ಕಾಪಿ

ನಮ್ಮ ಕಚೇರಿಗಳಿಗೆ ಜೆರಾಕ್ಸ್ ಮೇಲಿರೋ ಪ್ರೀತಿ ನಿಮಗೆ ಗೊತ್ತೇ ಇದೆ. ಮೂಲ ಪತ್ರ ಕಣ್ಮುಂದೆ ಹಿಡಿದರೂ "ಎರಡು ಕಾಪಿ ಕೊಡಿ" ಅಂತಾರೆ. ಯಾಕೆ ಸ್ವಾಮಿ ಅಂದರೆ "ಇರಲಿ" ಅಂತಾರೆ. ಡೇಟಾಬೇಸ್ ಎಂಜಿನ್ ಬರೆಯೋರಿಗೆ ಮಾತ್ರ ಈ "ಇರಲಿ" ಅಂದರೆ ಮೈಯೆಲ್ಲ ಉರಿ.

ಪೋಸ್ಟ್‌ಗ್ರೆಸ್ಸನ್ನೇ ತಗೊಳ್ಳಿ. ಟೇಬಲ್ಲನ್ನು 8 ಕೆಬಿ ಪುಟಗಳಾಗಿ ಮೆಮೊರಿಗೆ ತಂದಿಟ್ಟುಕೊಳ್ಳುತ್ತೆ. ನೀವು ಸಾಲು ಕೇಳಿದಾಗ ಅದನ್ನು ಎತ್ತಿ ಬೇರೆ ಕಡೆ ಬರೆದುಕೊಳ್ಳೋದಿಲ್ಲ, "ಇಗೋ, ಇಲ್ಲಿದೆ" ಅಂತ ಪಾಯಿಂಟರ್ ಕೊಟ್ಟು ಸುಮ್ಮನಾಗುತ್ತೆ. ಹೆಸರು, ಊರು ಎರಡೇ ಕಾಲಂ ಬೇಕಾ? ಎರಡು ಪಾಯಿಂಟರ್ ಸಾಕು, ಅಕ್ಷರಗಳು ಪುಟದಲ್ಲೇ ಇರುತ್ತವೆ. ಅಷ್ಟರಲ್ಲಿ ಯಾರಾದರೂ ಪುಟವನ್ನೇ ಎತ್ತಿಹಾಕಿದರೆ? ಅದಕ್ಕೇ ಪಿನ್ ಇರೋದು. ಪಿನ್ ಬಿದ್ದಿರೋ ತನಕ ಆ ಪುಟವನ್ನು ಮೆಮೊರಿಯಿಂದ ಹೊರಹಾಕೋ ಹಾಗಿಲ್ಲ. ಕಸ ಗುಡಿಸೋಕೆ ಬರೋ ವ್ಯಾಕ್ಯೂಮ್ ಕೂಡ ಒಳಗಿನ ಸಾಲುಗಳನ್ನು ಅತ್ತಿತ್ತ ಸರಿಸೋ ಹಾಗಿಲ್ಲ.

ಒಂದು ಸಾಲು ಕಾಪಿ ಮಾಡಿದರೆ ಏನು ಗಂಟು ಹೋಗುತ್ತೆ ಅಂತೀರಾ? ಒಂದಾದರೆ ಏನೂ ಇಲ್ಲ. 200 ಬೈಟಿನ ಸಾಲುಗಳು ಒಂದು ಕೋಟಿ ಇದ್ದರೆ 200 ಕೋಟಿ ಬೈಟ್, ಹತ್ತಿರ ಹತ್ತಿರ 2 ಜಿಬಿ ಸುಮ್ಮಸುಮ್ಮನೆ ಓಡಾಡಿದ ಹಾಗಾಯಿತು. ಅದರಲ್ಲೂ ನಿಮ್ಮ ವೇರ್ ಷರತ್ತು ನೂರಕ್ಕೆ ತೊಂಬತ್ತೊಂಬತ್ತನ್ನು ಬೇಡ ಅಂತ ತಳ್ಳುತ್ತೆ ಅಂದುಕೊಳ್ಳಿ. ತಳ್ಳೋದಕ್ಕೆ ಅಂತಲೇ ಕಾಪಿ ಮಾಡಿದ್ದಾ?

ಹಾಗಂತ ಕಾಪಿಯೇ ಬೇಡ ಅಂತಲ್ಲ. ಸಾಲುಗಳನ್ನು ವಿಂಗಡಿಸಿ ಜೋಡಿಸಬೇಕು ಅಂದರೆ ಕೊನೇ ಸಾಲು ಬರೋವರೆಗೂ ಮೊದಲನೇದು ಕೈಯಲ್ಲಿರಬೇಕು. ಟೇಬಲ್ಲಿನ ಎಲ್ಲ ಪುಟಗಳಿಗೂ ಪಿನ್ ಹಾಕಿ ಕೂತರೆ ಬೇರೆಯವರ ಗತಿ? ಅಲ್ಲಿ ಕಾಪಿ ಮಾಡಲೇಬೇಕು, ಮಾಡುತ್ತೆ. ಅದಕ್ಕೆ ಕೊಟ್ಟಿರೋ ಜಾಗದ ಹೆಸರು ವರ್ಕ್ ಮೆಮ್, ಬದಲಾಯಿಸದೇ ಬಿಟ್ಟರೆ 4 ಎಂಬಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಕಾಲು ಹೊರಗೆ ಬಂತೋ, ವಿಂಗಡಣೆ ಡಿಸ್ಕಿಗೆ ಹೋಗುತ್ತೆ.

ಎಂಜಿನ್ ಇಷ್ಟೆಲ್ಲ ಜಿಪುಣತನ ಮಾಡಿ ಉಳಿಸಿದ್ದನ್ನು ಕಳೆಯೋದು ನಾವೇ. ಬೇಕಾಗಿರೋದು ಹೆಸರು, ತಾರೀಕು ಎರಡೇ. ಬರೆಯೋದು ಮಾತ್ರ ಸೆಲೆಕ್ಟ್ ಸ್ಟಾರ್, ಹಿಂದೆ ಒಂದು ಆರ್ಡರ್ ಬೈ. ಎರಡು ಕಾಲಂ ಕೇಳಿದ್ದರೆ ಎರಡನ್ನೇ ಹೊತ್ತು ವಿಂಗಡಿಸುತ್ತಿತ್ತು. ಸ್ಟಾರ್ ಹಾಕಿದ್ದಕ್ಕೆ ವಿಳಾಸ, ಷರಾ, ಹಳೇ ಟಿಪ್ಪಣಿ ಎಲ್ಲ ಹೊತ್ತುಕೊಂಡು ಏದುಸಿರು ಬಿಡುತ್ತೆ. ಆಮೇಲೆ "ಸರ್ವರ್ ಸ್ಲೋ, ರ್‍ಯಾಮ್ ಜಾಸ್ತಿ ಹಾಕಿಸಿ" ಅಂತ ನಮ್ಮದೇ ತಕರಾರು.

ರ್‍ಯಾಮಿಗೆ ದುಡ್ಡು ಕೊಡೋ ಮುಂಚೆ ಆ ಕ್ವೆರಿಗೆ ಒಂದು ಸಲ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿ. "ಎಕ್ಸ್‌ಟರ್ನಲ್ ಮರ್ಜ್" ಅಂತ ಕಂಡರೆ ವಿಂಗಡಣೆ ಡಿಸ್ಕಿಗೆ ಹೋಗಿದೆ ಅಂತ ಅರ್ಥ; ಮೊದಲು ಸ್ಟಾರ್ ಅಳಿಸಿ ಬೇಕಾದ ಕಾಲಂಗಳ ಹೆಸರು ಬರೆಯಿರಿ.