ಫೋರ್‌ವೀಲ್ ಗೌಡ್ರು

ಮೂಡಿಗೆರೆ, ಸಕಲೇಶಪುರದ ಸೀಮೆಯಲ್ಲಿ ಊರಿಗೊಬ್ಬರಾದರೂ ಫೋರ್‌ವೀಲ್ ಗೌಡ್ರು ಇದ್ದೇ ಇರುತ್ತಾರೆ. ಹತ್ತಿಪ್ಪತ್ತು ಎಕರೆ ಕಾಫಿ, ಒಂದು ಕಣ, ಎರಡು ನಾಯಿ, ಶೆಡ್ಡಿನಲ್ಲಿ ಹಳೇ ಎಂ.ಎಂ. 540 ಜೀಪು. ಬಾಯಲ್ಲಿ ಸದಾ ಒಂದೇ ಮಾತು: "ಈ ಸಲ ಗಾಡಿ ಚೇಂಜ್ ಮಾಡ್ಲೇಬೇಕು ಮಾರಾಯ." ಮೊದಲೆಲ್ಲ ಕಾಫಿಗೆ ರೇಟಿಲ್ಲ ಎಂಬ ನೆಪವಿತ್ತು. 2024ರಲ್ಲಿ ರೋಬಸ್ಟ ಚೆರಿ 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿ ಆ ನೆಪವನ್ನೂ ಕಿತ್ತುಕೊಂಡಿತು. ಪಾಪ, ಅಲ್ಲಿಂದಾಚೆಗೆ ಅವರು ನಿಜವಾಗಿಯೂ ಗಾಡಿ ನೋಡಬೇಕಾಗಿ ಬಂತು.

ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹಾಸನದ ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಟಚ್ ಸ್ಕ್ರೀನಿನ ಮಹಿಮೆ ಹೇಳುತ್ತ ತಿರುಗಿದರೆ ಗೌಡ್ರು ನಾಪತ್ತೆ. ಥಾರ್‌ನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. "ಹಿಂದೆ ಆಕ್ಸಲ್ ಹೌಸಿಂಗ್ ಇದೆ ಸರಿ, ಮುಂದಿನ ಹೌಸಿಂಗ್ ಎಲ್ಲಪ್ಪ?" ಎಂಬ ಪ್ರಶ್ನೆ ನೆಲಮಟ್ಟದಿಂದ ಬರುತ್ತದೆ. ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಸಾರ್, ಆರಾಮಾಗಿರುತ್ತೆ ಎನ್ನುತ್ತಾನೆ ಹುಡುಗ. ಆರಾಮ ಎಂಬ ಪದ ಕಿವಿಗೆ ಬಿದ್ದೊಡನೆ ಗೌಡ್ರಿಗೆ ಅನುಮಾನ ಶುರು. ನೀರು ಎಷ್ಟು ದಾಟುತ್ತೆ ಎಂದರೆ 650 ಮಿ.ಮೀ. ಎಂದು ಉತ್ತರ. ಮಾರನೇ ದಿನ ಸುರಿಯುವ ಮಳೆಯಲ್ಲಿ ಪಂಚೆ ಎತ್ತಿ ಕಟ್ಟಿ, ತೋಟದ ಹಳ್ಳದ ನಡುವೆ ಅಳತೆ ಕೋಲು ಹಿಡಿದು ನಿಂತವರನ್ನು ತೋಟದ ಲೆಕ್ಕ ಬರೆಯುವ ರೈಟ್ರು ಬಂದು ಕೈಹಿಡಿದು ದಡಕ್ಕೆ ತರಬೇಕಾಯಿತು.

ಜಿಮ್ನಿ ನೋಡಿ ಮುಖ ಅರಳಿತು, ಹಿಂದೂ ಮುಂದೂ ಗಟ್ಟಿ ಆಕ್ಸಲ್! ಅರಳಿದ್ದು ಪೆಟ್ರೋಲ್ ಎಂಜಿನ್ ಮಾತ್ರ ಎಂದು ಗೊತ್ತಾಗುವವರೆಗೆ. ಅದೂ ಹೋಗಲಿ ಎಂದರೆ ನಾಲ್ಕೇ ಸೀಟು. "ನಾನು, ಗೌಡ್ತಿ, ಡ್ರೈವರು, ಇನ್ನೊಂದ್ರಲ್ಲಿ ಯಾರು? ಹಣ್ಣು ಕುಯ್ಯೋ ಹನ್ನೆರಡು ಜನ ನಡ್ಕೊಂಡ್ ಬರ‍್ಬೇಕಾ?" ಗೂರ್ಖಾ ಮಾತ್ರ ಬಹಳ ದಿನ ತಲೆ ತಿಂದಿತು. ಹಿಂದೆ ಮುಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್, 700 ಮಿ.ಮೀ. ನೀರು ದಾಟುವ ತಾಕತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಎರಡು ಬನ್ನು ಇಟ್ಟು ಲಾಕಿನ ಪಾಠವಾಯಿತು: "ಒಂದು ಚಕ್ರ ಗುಂಡಿ ಮೇಲೆ ಗಾಳೀಲಿ ನಿಂತ್ರೆ ಶಕ್ತಿಯೆಲ್ಲ ಅದಕ್ಕೇ ಹೋಗಿ ಅದು ಗಿರ‍್ರಂತ ಸುತ್ತುತ್ತೆ. ನೆಲದ ಮೇಲಿರೋ ಚಕ್ರ ಕದಲಲ್ಲ. ನಮ್ಮನೇಲೂ ಹಂಗೇ, ದುಡ್ಡೆಲ್ಲ ಬೆಂಗಳೂರಲ್ಲಿ ಸುತ್ತೋ ದೊಡ್ಡ ಮಗನಿಗೆ, ತೋಟ ನೋಡೋ ಚಿಕ್ಕವನಿಗೆ ಸೊನ್ನೆ. ಲಾಕ್ ಹಾಕಿದ್ರೆ ಇಬ್ರೂ ಒಟ್ಟಿಗೇ ತಿರುಗ್ಬೇಕು." ಇಷ್ಟು ಚೆನ್ನಾಗಿ ಯಾವ ಕಂಪನಿಯ ಕೈಪಿಡಿಯೂ ಹೇಳಿರಲಿಕ್ಕಿಲ್ಲ. ಆದರೆ ಬನ್ನಿನ ದುಡ್ಡು ನಾವು ಕೊಟ್ಟೆವು. ಗೂರ್ಖಾ ಏಕೆ ತಪ್ಪಿತು ಎಂದರೆ, ಗೌಡ್ತಿಯವರು ಅದನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, "ಏಣಿ ಕೊಡ್ತಾರಾ?" ಎಂದು ಕೇಳಿದರು.

ಈ ನಡುವೆ ಯಾವುದೋ ರೆಸಾರ್ಟಿನಲ್ಲಿ ಎ.ಟಿ.ವಿ. ಕಂಡುಬಂತು. ಬೈಕಿನ ಹ್ಯಾಂಡಲ್ಲು, ಜೀಪಿನ ಹಾಗೆ ನಾಲ್ಕು ಚಕ್ರಕ್ಕೂ ಎಳೆತ, ಆಕ್ಸಿಲರೇಟರ್ ಹೆಬ್ಬೆರಳಿನಲ್ಲಿ. ಗೌಡ್ರು ಪ್ರವಾಸಿ ಮಕ್ಕಳ ಸಾಲಿನಲ್ಲಿ ನಿಂತು, ಟಿಕೆಟ್ ಕೊಂಡು, ಹೆಲ್ಮೆಟ್ ಹಾಕಿಕೊಂಡು ಎರಡು ಸುತ್ತು ಹೊಡೆದರು. ಮನೆಗೆ ಬಂದವರೇ ಟೇಪು ಹಿಡಿದರು. ಗಾಡಿ ನಾಲ್ಕಡಿ ಅಗಲ, ಅರೇಬಿಕಾ ಗಿಡದಿಂದ ಗಿಡಕ್ಕೆ ಆರಡಿ; ಉಳಿದ ಎರಡಡಿಯಲ್ಲಿ ಕೊಂಬೆಗಳು ಎಲ್ಲಿಗೆ ಹೋಗಬೇಕು? ರೋಬಸ್ಟ ಪಟ್ಟೆಯಲ್ಲಿ ಹತ್ತಡಿ ಇದೆಯಲ್ಲ ಎಂದು ಚಿಕ್ಕ ಮಗ ನೆನಪಿಸಿದ. ರೋಬಸ್ಟ ಇರುವುದು ರಸ್ತೆಯ ಆಚೆ, ಶೆಡ್ಡಿರುವುದು ಈಚೆ, ನಡುವೆ ಪಿ.ಡಬ್ಲ್ಯು.ಡಿ. ರಸ್ತೆ. ನಂಬರ್ ಪ್ಲೇಟೇ ಇಲ್ಲದ ಗಾಡಿಯನ್ನು ಆ ರಸ್ತೆಗೆ ಇಳಿಸುವ ಹಾಗಿಲ್ಲ. "ರಾತ್ರಿ ದಾಟ್ಸಿದ್ರೆ?" ಎಂದು ಗೌಡ್ರು ಕೇಳಿದ್ದು ತಮಾಷೆಗೋ ನಿಜಕ್ಕೋ, ಈಗಲೂ ಹೇಳುವುದು ಕಷ್ಟ.

ಇಷ್ಟೆಲ್ಲದರ ನಡುವೆ ಆ ಹಳೇ 540 ಜೀಪು ತನ್ನ ಪಾಡಿಗೆ ದುಡಿಯುತ್ತಲೇ ಇತ್ತು. ಅದರ ಸ್ಟಾರ್ಟರ್ ಹೋಗಿ ಕಾಲವಾಗಿದೆ, ಆದ್ದರಿಂದ ಇಳಿಜಾರಿನಲ್ಲೇ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಂದರೆ ಚಕ್ರದಡಿಯ ಕಲ್ಲು. ಮಳೆಗಾಲದಲ್ಲಿ ಟಯರಿಗೆ ಚೈನು ಕಟ್ಟಿ, ಗೇರಿನ ಪಕ್ಕದ ಗಿಡ್ಡ ಲಿವರ್ ಎಳೆದು ಲೋ ಹಾಕಿದರೆ, ಗೊಬ್ಬರದ ಚೀಲವನ್ನೂ ಅದರ ಮೇಲೆ ಕೂತ ಜನರನ್ನೂ ಹೊತ್ತು ಗೊಣಗುತ್ತಲೇ ದಿಣ್ಣೆ ಹತ್ತುತ್ತದೆ. ಕೆಟ್ಟರೆ ಸ್ಪ್ಯಾನರ್ ಹಿಡಿದವರೆಲ್ಲ ಮೆಕ್ಯಾನಿಕ್ಕುಗಳೇ.

ಕೊನೆಗೆ ಚಿಕ್ಕ ಮಗನೇ ಗಟ್ಟಿ ಮನಸ್ಸು ಮಾಡಿ ಮೂರು ಬಾಗಿಲಿನ ಡೀಸೆಲ್ ಥಾರ್ ಬುಕ್ ಮಾಡಿಸಿದ. ಅದೇ ವರ್ಷದ ಆಗಸ್ಟಿನಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂತು. ಗೌಡ್ರು ಫೋನಿನಲ್ಲೇ ಬುಕಿಂಗ್ ರದ್ದು ಮಾಡಿ, "ಎರಡು ಬಾಗ್ಲು ಜಾಸ್ತಿ ಬಂದಿದೆ, ಇನ್ನೂ ಏನೇನು ಬರುತ್ತೋ, ತಡಿ" ಎಂದರು. ಗೌಡ್ತಿ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ರಾಕ್ಸ್ ಬುಕ್ಕಾಯಿತು.

ಸುದ್ದಿ ತಿಳಿದು ಪಕ್ಕದ ಊರಿನವರೊಬ್ಬರು ಹಳೇ ಜೀಪು ಕೇಳಿಕೊಂಡು ಬಂದರು. ಒಳ್ಳೇ ರೇಟನ್ನೇ ಹೇಳಿದರು. ಗೌಡ್ರು ಅವರಿಗೆ ಕಾಫಿ ಕೊಡಿಸಿದರು, ತೋಟ ತೋರಿಸಿದರು, ಗೇಟಿನ ತನಕ ಬಂದು ಬೀಳ್ಕೊಟ್ಟರು, ಜೀಪಿನ ಮಾತು ಮಾತ್ರ ಎತ್ತಲಿಲ್ಲ. ಯಾಕ್ ಗೌಡ್ರೆ ಕೊಡ್ಲಿಲ್ಲ ಎಂದರೆ ನಮ್ಮನ್ನೇ ದಡ್ಡರಂತೆ ನೋಡಿದರು.

"ಹೊಸದು ಹೂತ್ಕೊಂಡ್ರೆ ಯಾವುದ್ರಲ್ಲಿ ಎಳೀಲಿ ಮಾರಾಯ?"